ಅಕ್ಕಿ ಡಬ್ಬಿಯ ನೀಲಿಕಲ್ಲು

ಅಕ್ಕಿಯಲ್ಲಿ ಕಲ್ಲು ಸಿಕ್ಕಿದರೆ ಲೋಕದವರೆಲ್ಲ ಅದನ್ನು ಆರಿಸಿ ಹೊರಗೆ ಬಿಸಾಡುತ್ತಾರೆ. ನಮ್ಮ ಮನೆಯ ಕ್ರಮ ಬೇರೆ. ಬೆಳಿಗ್ಗೆ ಗಂಜಿಗೆ ಅಕ್ಕಿ ಅಳೆಯುವಾಗ ನಾನು ಡಬ್ಬಿಯೊಳಗೆ ಕೈ ಹಾಕಿ ಒಂದು ಕಲ್ಲನ್ನು ಹುಡುಕಿ ತೆಗೆಯುತ್ತೇನೆ. ಅಳೆದಾದ ಮೇಲೆ ಅದನ್ನು ಮರಳಿ ಅಕ್ಕಿಯೊಳಗೇ ಹೂತಿಡುತ್ತೇನೆ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ, ಆರು ಮುಖದ, ತಿಳಿನೀಲಿ ಬಣ್ಣದ ಕಲ್ಲು. ಅಕ್ವಮರೀನ್ ಎಂದು ಹೆಸರು, ಕಡಲ ನೀರು ಎಂದು ಅರ್ಥವಂತೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು ಅದನ್ನು ನನ್ನ ಕೈಯಲ್ಲಿ ನೋಡಿ, "ಎಂತ ರಾಯರೇ ಇದು, ಐಸಾ?" ಎಂದು ಕೇಳಿದ. ಮುಟ್ಟಿ ನೋಡಿದ ಮೇಲೂ ಅವನ ಸಂಶಯ ಹೋದ ಹಾಗೆ ಕಾಣಲಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲೂ ಅದು ತಣ್ಣಗೆ ಇರುತ್ತದೆ.

ಇಂಥವು ನನ್ನಲ್ಲಿ ಒಂದು ಗಾಜಿನ ಕಪಾಟಿನ ತುಂಬ ಇದ್ದವು. ಉಳಿದವೆಲ್ಲ ಈಗ ಶಿರಿಯ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ, ನೀರಿನ ಅಡಿಯಲ್ಲಿ ಇವೆ. ಹಾಕಿದವರು ನಾವೇ. ಯಾಕೆ ಹಾಕಿದೆವು, ಇದೊಂದು ಹೇಗೆ ಉಳಿಯಿತು ಎಂದು ಹೇಳಲು ಕೂತಿದ್ದೇನೆ. ನೇರವಾಗಿ ಹೇಳುವ ವಿದ್ಯೆ ನನಗಿಲ್ಲ. "ನಮ್ಮ ವಾಸುವಿನ ಹತ್ರ ಉಪ್ಪಳಕ್ಕೆ ದಾರಿ ಕೇಳಿದ್ರೆ ಮೊದಲು ಕಾಸರಗೋಡಿಗೆ ಕರ್ಕೊಂಡು ಹೋಗ್ತಾನೆ" ಎಂದು ನನ್ನ ಅಕ್ಕ ವಾರಿಜಕ್ಕ ಹೇಳುತ್ತಿದ್ದಳು. ಪುತ್ತಿಗೆಯ ನಮ್ಮ ಮನೆಯಿಂದ ಉಪ್ಪಳ ಒಂದು ದಿಕ್ಕಿಗಾದರೆ ಕಾಸರಗೋಡು ಇನ್ನೊಂದು ದಿಕ್ಕಿಗೆ. ಆದ್ದರಿಂದ ನೀವು ಸ್ವಲ್ಪ ಸುತ್ತಲು ತಯಾರಾಗಿಯೇ ಬನ್ನಿ.

ನಮ್ಮೂರಿನಲ್ಲಿ ಕಲ್ಲು ಎಂದರೆ ಮುರಕಲ್ಲು. ಕೆಂಪು ಬಣ್ಣ, ಮೈತುಂಬ ತೂತು, ಮುಟ್ಟಿದರೆ ಕೈಗೆ ಮಣ್ಣು. ಅದರಿಂದ ಮನೆ ಕಟ್ಟಬಹುದು, ಬಾವಿ ಕಟ್ಟಬಹುದು, ಬಿದ್ದರೆ ಮಂಡಿ ಒಡೆದುಕೊಳ್ಳಬಹುದು. ಪ್ರೀತಿಸಲು ಅದರಲ್ಲಿ ಏನೂ ಇಲ್ಲ. ಅಪರೂಪಕ್ಕೆ ಹೊಳೆಯ ಬದಿಯಲ್ಲಿ ಬಿಳಿಯ ಬೆಣಚುಕಲ್ಲು ಸಿಗುತ್ತಿತ್ತು. ಅಕ್ಕ ಅಂಥ ಎರಡನ್ನು ಲಂಗದಲ್ಲಿ ಕಟ್ಟಿಕೊಂಡು ಬಂದು, ನನ್ನನ್ನು ಅಟ್ಟಕ್ಕೆ ಹತ್ತಿಸಿ, ಇಬ್ಬರ ತಲೆಯ ಮೇಲೂ ಕಂಬಳಿ ಎಳೆದು, ಕತ್ತಲಲ್ಲಿ ಒಂದಕ್ಕೊಂದು ಉಜ್ಜುತ್ತಿದ್ದಳು. ಕಲ್ಲಿನ ಒಳಗೆ ಮಂಕಾದ ಹಳದಿ ಬೆಳಕು ಹೊತ್ತಿಕೊಂಡು ಆರುತ್ತಿತ್ತು. ಸುಟ್ಟ ವಾಸನೆ ಬರುತ್ತಿತ್ತು. "ಒಳಗೆ ಯಾರೋ ಇದ್ದಾರೆ ವಾಸು" ಎಂದು ಅವಳು ಪಿಸುಗುಟ್ಟುತ್ತಿದ್ದಳು. ನಾನು ಹೆದರಿ ಅವಳ ಜಡೆ ಹಿಡಿದುಕೊಳ್ಳುತ್ತಿದ್ದೆ.

ನಾನು ಮಹಾ ಪುಕ್ಕಲ. ಊರಿನ ಮಕ್ಕಳೆಲ್ಲ ಹೊಳೆಯ ಗುಂಡಿಗೆ ಹಾರಿ ಈಜು ಕಲಿತರು. ನಮ್ಮ ನೆರೆಮನೆಯ ಖತೀಜ, ನನಗಿಂತ ಚಿಕ್ಕವಳು, ಮರದ ಕೊಂಬೆಯಿಂದ ಹಾರಿ ಆಚೆ ದಡದಲ್ಲಿ ಏಳುತ್ತಿದ್ದಳು. ನಾನು ಮಾತ್ರ ಮಂಡಿ ಮುಳುಗುವಲ್ಲಿಗೆ ಅಕ್ಕನ ಕೈ ಹಿಡಿದು ಹೋಗಿ, ಅಲ್ಲಿಂದಲೇ ಕಿರುಚಿ ವಾಪಸು ಬರುತ್ತಿದ್ದೆ. ಒಮ್ಮೆ ಕಾಲು ಜಾರಿ ಬಿದ್ದಾಗ ಅಕ್ಕ ಚಡ್ಡಿಯ ಪಟ್ಟಿ ಹಿಡಿದು ಎತ್ತಿದಳು. ಅಲ್ಲಿಗೆ ನನ್ನ ಈಜುವಿದ್ಯೆ ಸಮಾಪ್ತಿಯಾಯಿತು. ಹೀಗೆ ಈಜು ಬಾರದವನು ಮುಂದೆ ಕಡಲು ದಾಟಿ ಗಲ್ಫಿಗೆ ಹೋದದ್ದು ವಿಮಾನದ ಕೃಪೆ.

ಅಲ್ಲಿ ಒಂದು ಕಂಪೆನಿಯ ಸ್ಟೋರಿನಲ್ಲಿ ಗುಮಾಸ್ತನಾಗಿ ತಲೆ ನರೆಯುವವರೆಗೆ ಕೂತೆ. ನನ್ನ ಮದುವೆಯ ಕಥೆಯನ್ನು ಇಲ್ಲಿ ಎಳೆಯುವುದಿಲ್ಲ. ವರ್ಷ ತುಂಬುವ ಮೊದಲು ಹೆರಿಗೆಯಲ್ಲಿ ಮುಗಿದ ಕಥೆ ಅದು, ತಾಯಿಯೂ ಮಗುವೂ ಒಟ್ಟಿಗೆ. ಶುಕ್ರವಾರ ರಜೆಯಲ್ಲಿ ರೂಮಿನವರೆಲ್ಲ ಇಸ್ಪೀಟು ಆಡುವಾಗ ನನಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ. ಹಳೆಯ ಪೇಟೆಯ ಹಿಂದೆ ಸುತ್ತಾಡುತ್ತಿದ್ದೆ. ಅಲ್ಲಿ ಒಬ್ಬ ಪಠಾಣ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಕಲ್ಲು ಮಾರುತ್ತಿದ್ದ. ಉಂಗುರದ ಕಲ್ಲಲ್ಲ, ಅವರ ಬೆಟ್ಟದ ಬಂಡೆಯ ಬಿರುಕಿನಿಂದ ಕಿತ್ತು ತಂದ ಹರಳುಗಳು, ಬೆಳೆದದ್ದು ಬೆಳೆದ ಹಾಗೇ. ಬಿಳಿಯ ಬಂಡೆಚೂರಿಗೆ ಅಂಟಿ ನಿಂತ ನೀಲಿ ಅಕ್ವಮರೀನ್. ಉದ್ದಕ್ಕೂ ಗೆರೆ ಎಳೆದಂಥ ಟೂರ್ಮಲಿನ್, ಕಪ್ಪು, ಹಸಿರು, ಗುಲಾಬಿ. ಮೊದಲ ಸಲ ಒಂದನ್ನು ಬಿಸಿಲಿಗೆ ಹಿಡಿದಾಗ ಅಟ್ಟದ ಕಂಬಳಿ ನೆನಪಾಯಿತು, ಒಳಗೆ ಯಾರೋ ಇದ್ದಾರೆ ಎಂಬ ಪಿಸುಮಾತು ನೆನಪಾಯಿತು. ಬಿಸಿಲಲ್ಲೇ ನಿಂತು ಕಣ್ಣು ಒರೆಸಿಕೊಂಡೆ. ಪಠಾಣ ಏನೆಂದುಕೊಂಡನೋ, ಕುಡಿಯಲು ಚಹಾ ಕೊಟ್ಟ.

ಆ ಮೇಲೆ ಅದೊಂದು ಹುಚ್ಚಾಯಿತು. ಊರಿಗೆ ಬರುವವರು ಸೆಂಟು, ಸೋಪು, ಟಾರ್ಚು ತರುತ್ತಿದ್ದರು. ನಾನು ಕಾಲುಚೀಲದಲ್ಲಿ ಸುತ್ತಿ ಕಲ್ಲು ತರುತ್ತಿದ್ದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆಯ ಭಾರ ನೋಡಿ, ಚಿನ್ನ ಸಿಕ್ಕಿತೆಂದು ಒಂದೊಂದೇ ಕಾಲುಚೀಲ ಬಿಚ್ಚಿ, ಕೊನೆಗೆ ಬೆವರು ಒರೆಸಿಕೊಳ್ಳುತ್ತ, "ನಿಮ್ಮ ಊರಲ್ಲಿ ಕಲ್ಲಿಗೆ ಬರಗಾಲವಾ?" ಎಂದು ಕೇಳಿದ್ದರು. ಉಪ್ಪಳದ ಚಿನ್ನದಂಗಡಿಯವರು, "ಕೊರೆಸಿ ಪಾಲಿಷ್ ಮಾಡಿಸಿ ರಾಯರೇ, ಚಂದದ ಪದಕ ಆಗ್ತದೆ" ಎಂದಾಗ ನಾನು ಸಿಟ್ಟಿನಿಂದ ಎದ್ದು ಬಂದಿದ್ದೆ. ಹರಳನ್ನು ಕೊರೆಸುವುದೆಂದರೆ ನನ್ನ ಲೆಕ್ಕದಲ್ಲಿ ಮಗುವಿನ ಕಿವಿ ಚಂದ ಕಾಣಲೆಂದು ಕತ್ತರಿಸಿದಂತೆ. ಇಂಥ ಭಾಷಣಗಳನ್ನು ನಾನು ಮನೆಗೆ ಬಂದವರ ಮುಂದೆಲ್ಲ ಮಾಡುತ್ತಿದ್ದೆ. ಜನ ಕಾಫಿ ಕುಡಿಯುವವರೆಗೆ ಕೇಳಿ, ಲೋಟ ಕೆಳಗಿಟ್ಟ ಕೂಡಲೇ ಎದ್ದು ಹೋಗುತ್ತಿದ್ದರು.

ಕೇಳಿದವಳು ಅಕ್ಕ ಒಬ್ಬಳೇ. ಭಾವ ತೀರಿಹೋದ ಮೇಲೆ ತವರಿಗೆ ಬಂದು, ನಾನು ಗಲ್ಫಿನಲ್ಲಿ ಇದ್ದಷ್ಟು ಕಾಲ ಮನೆಗೆ ದೀಪ ಹಚ್ಚಿದವಳು ಅವಳು. ನಾನು ಖಾಯಂ ಆಗಿ ಬಂದ ಮೇಲೂ ಮನೆಯ ಯಜಮಾನಿ ಅವಳೇ. ಅಕ್ಕಿ ಅಳೆಯುವ ಕೆಲಸವನ್ನಂತೂ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕಪಾಟಿನ ಧೂಳು ಒರೆಸುವವಳೂ ಅವಳೇ. ನಾನು ಹೇಳುವ ಹೆಸರುಗಳು ಅವಳ ನಾಲಗೆಗೆ ಹಿಡಿಸಲಿಲ್ಲ. "ಇದೆಂತ ಇಂಗ್ಲಿಷ್ ಮದ್ದಿನ ಹೆಸರಿನ ಹಾಗೆ" ಎಂದು ತಾನೇ ಹೆಸರಿಟ್ಟಳು, ಅದೂ ನಮ್ಮ ಪೈಕಿಯವರ ಹೆಸರು.

ದೊಡ್ಡಮ್ಮನ ಮಗ ಶಂಕರಣ್ಣನ ಹಣೆಯಲ್ಲಿ ಉದ್ದಕ್ಕೆ ಗೆರೆಗಳು, ಬೆನ್ನು ನೆಟ್ಟಗೆ, ಬಣ್ಣ ಕಪ್ಪು. ಆದ್ದರಿಂದ ದೊಡ್ಡ ಕಪ್ಪು ಟೂರ್ಮಲಿನ್ ಶಂಕರಣ್ಣ ಆಯಿತು. ಟೂರ್ಮಲಿನ್ನಿಗೆ ಬಿಸಿಯಾದರೆ ಧೂಳನ್ನು ಎಳೆದುಕೊಳ್ಳುವ ಗುಣವಿದೆ. ಕಪಾಟಿನ ಬಲ್ಬಿನ ಹತ್ತಿರವಿದ್ದ ಹಸಿರು ಹರಳು ಎಷ್ಟು ಒರೆಸಿದರೂ ಸಂಜೆಗೆ ಧೂಳು ಹೊದ್ದು ಕೂರುತ್ತಿತ್ತು. ಊರಿನ ಸುದ್ದಿಯನ್ನೆಲ್ಲ ಕೂತಲ್ಲಿಗೇ ಎಳೆದುಕೊಳ್ಳುವ ಉಪ್ಪಳದ ಚಿಕ್ಕಮ್ಮನ ಹೆಸರು ಅದಕ್ಕೆ ಬಂತು. ಹೊರಗೆ ಹಸಿರು, ಒಳಗೆ ಗುಲಾಬಿ, ಕಲ್ಲಂಗಡಿಯ ಚೂರಿನ ಹಾಗಿದ್ದದ್ದು ಖತೀಜಮ್ಮ. ನೆರೆಮನೆಯ ಆ ಖತೀಜ ಈಗ ಮೊಮ್ಮಕ್ಕಳ ಅಜ್ಜಿ, ಬಾಯಿ ಜೋರು, ಮನಸ್ಸು ಸಿಹಿ. ಒಂದು ನೀಲಿಯದಕ್ಕೆ ಮಾತ್ರ ಹೆಸರಿರಲಿಲ್ಲ. ಹೊರಗಿನಿಂದ ತಿಳಿನೀರು, ಒಳಗೆ ಅಡ್ಡಕ್ಕೆ ಒಂದು ಸೀಳು. "ಇದು ಯಾರು?" ಎಂದು ಕೇಳಿದರೆ, "ಅದಕ್ಕೆ ಇನ್ನೂ ಹೆಸರು ಆಗ್ಲಿಲ್ಲ" ಎಂದು ಮುಖ ತಿರುಗಿಸಿ ಒರೆಸುತ್ತಿದ್ದಳು. ಅದನ್ನು ಒರೆಸಲು ಉಳಿದವಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ಅಕ್ಕನ ಕಿಡ್ನಿ ಹಾಳಾದದ್ದು ಗೊತ್ತಾಗುವಾಗ ತಡವಾಗಿತ್ತು. ದಿನ ಬಿಟ್ಟು ದಿನ ಮಂಗಳೂರಿಗೆ ಡಯಾಲಿಸಿಸ್. ಹೋಗುವಾಗ ಕಾರಿನಲ್ಲಿ ಅವಳೇ ಮಾತಾಡುತ್ತಿದ್ದಳು, ಬರುವಾಗ ಬಾಯಿ ತೆರೆಯುತ್ತಿರಲಿಲ್ಲ. ಮೈಯೆಲ್ಲ ತುರಿಕೆ, ಅಂಗೈ ಉರಿ. ಯಾವ ಎಣ್ಣೆಗೂ ಮುಲಾಮಿಗೂ ಜಗ್ಗಲಿಲ್ಲ. ಒಂದು ದಿನ ನೋಡುತ್ತೇನೆ, ಹೆಸರಿಲ್ಲದ ಆ ನೀಲಿ ಕಲ್ಲನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕಣ್ಣು ಮುಚ್ಚಿ ಮಲಗಿದ್ದಾಳೆ. "ತಣ್ಣಗೆ ಉಂಟು ಮಾರಾಯ" ಎಂದಳು. ಅಂದಿನಿಂದ ಅದು ಅವಳ ಚೀಲದಲ್ಲಿ ಆಸ್ಪತ್ರೆಗೂ ಬರತೊಡಗಿತು. ನನ್ನ ಸಂಗ್ರಹದಿಂದ ಒಬ್ಬರಿಗಾದರೂ ಉಪಯೋಗವಾಯಿತಲ್ಲ ಎಂದು ಆ ದುಃಖದಲ್ಲೂ ನನಗೆ ಸಣ್ಣ ಜಂಬ ಬಂತು.

ಅವಳ ಮೈ ಇಳಿಯುತ್ತಲೇ ಹೋದಾಗ ಶಂಕರಣ್ಣ ಬಂದು, ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಬೇಕೆಂದು ಹಠ ಹಿಡಿದ. ನಮ್ಮ ಕಡೆ ಡಾಕ್ಟರರ ಬಾಗಿಲಾದ ಮೇಲೆ ಜೋಯಿಸರ ಬಾಗಿಲು ಇದ್ದದ್ದೇ, ಕೆಲವರಿಗೆ ಅದೇ ಮೊದಲು. ಜೋಯಿಸರು ನಮ್ಮ ಚಾವಡಿಯಲ್ಲೇ ಕೂತು ಕವಡೆ ಹಾಕಿದರು. ಎಣಿಸಿದರು, ಕಣ್ಣು ಮುಚ್ಚಿದರು, ಮತ್ತೆ ಎಣಿಸಿದರು.

"ಹೊರಗಿನಿಂದ ಬಂದ ಶಿಲೆ ಉಂಟು ಈ ಮನೆಯಲ್ಲಿ. ಅದರ ಜಾಗದಿಂದ ಕೇಳದೆ ಎಬ್ಬಿಸಿದ್ದು. ಇಲ್ಲಿ ನೆಲೆ ಇಲ್ಲ, ನೈವೇದ್ಯ ಇಲ್ಲ. ಅದರ ಬಾಧೆ ಮನೆಯ ಹೆಂಗಸಿಗೆ" ಎಂದರು.

ಎಲ್ಲರ ತಲೆಯೂ ಕಪಾಟಿನ ಕಡೆ ತಿರುಗಿತು. ಆಮೇಲೆ ನನ್ನ ಕಡೆ.

ನೀವು ನಗಬಾರದು. ನಮ್ಮಲ್ಲಿ ಕಲ್ಲು ಬರೀ ಕಲ್ಲಾಗಿ ಇರುವುದೇ ಕಷ್ಟ. ಬನದಲ್ಲಿ ನಾಗನ ಕಲ್ಲು, ಗುಡ್ಡೆಯ ಬದಿಯಲ್ಲಿ ದೈವದ ಕಲ್ಲು, ಹಿತ್ತಿಲಿನಲ್ಲಿ ಹೆಸರು ಮರೆತುಹೋದ ಯಾವುದೋ ಶಕ್ತಿಯ ಕಲ್ಲು. ಒಮ್ಮೆ ನಾನು ಕಪ್ಪು ಟೂರ್ಮಲಿನ್ನನ್ನು ಸೋಪು ನೀರಲ್ಲಿ ತೊಳೆದು ಒಣಗಲೆಂದು ಸಂಪಿಗೆ ಮರದ ಬುಡದಲ್ಲಿ ನಿಲ್ಲಿಸಿ ಮರೆತಿದ್ದೆ. ಮರುದಿನ ಹೋಗಿ ನೋಡಿದರೆ ಅದರ ನೆತ್ತಿಗೆ ಅರಸಿನ, ಮುಂದೆ ಕೆಂಪು ದಾಸವಾಳ. ಅಂಗಳ ಗುಡಿಸಲು ಬರುವ ಹೆಂಗಸು ಕೈಮುಗಿದು ಹೋಗಿದ್ದಳು. ಅಂದು ಅಕ್ಕ ನಕ್ಕು ನಕ್ಕು, "ಶಂಕರಣ್ಣನಿಗೆ ಕಡೆಗೂ ಪೂಜೆ ಆಯ್ತು" ಎಂದಿದ್ದಳು. ಈಗ ಚಾವಡಿಯಲ್ಲಿ ಯಾರೋ ಅದೇ ಸಂಗತಿಯನ್ನು ಜೋಯಿಸರ ಮುಂದೆ ಎತ್ತಿದರು. ಈ ಸಲ ಯಾರೂ ನಗಲಿಲ್ಲ.

"ಜೋಯಿಸರೇ, ಅವು ಖನಿಜಗಳು. ಬಂಡೆಯೊಳಗೆ ತಾವಾಗಿ ಬೆಳೆದದ್ದು" ಎಂದೆ.

"ಖನಿಜ ಆದ್ರೆ ಎಂತ? ಕಲ್ಲು ಕಲ್ಲೇ ಅಲ್ವಾ?" ಎಂದು ಅವರು ಶಾಂತವಾಗಿ ಕೇಳಿದರು. "ಎಲ್ಲವನ್ನೂ ಅರಸಿನ ಹಾಕಿ ಗಂಟು ಕಟ್ಟಿ ಜಲಕ್ಕೆ ಬಿಡಬೇಕು. ಕಟ್ಟಿದ ಗಂಟು ಮತ್ತೆ ಬಿಚ್ಚಬಾರದು. ಒಂದೂ ಉಳಿಯಬಾರದು. ಬಿಟ್ಟರೆ ಈ ತಾಯಿ ಎದ್ದು ಓಡಾಡ್ತಾರೆ."

ಎಲ್ಲರೂ ಹೋದ ಮೇಲೆ ನಾನು ಕಪಾಟಿನ ಮುಂದೆ ನಿಂತೇ ಇದ್ದೆ. ಅಕ್ಕ ಮಂಚದಿಂದಲೇ ಕರೆದಳು.

"ವಾಸು, ನಿನಗೆ ಇದೆಲ್ಲ ನಂಬಿಕೆ ಇಲ್ಲ ಅಂತ ಗೊತ್ತುಂಟು. ನನಗೆ ಉಂಟು."

"ಅಕ್ಕಾ, ಅದು..."

"ನನಗೆ ಸಾಯ್ಲಿಕ್ಕೆ ಹೆದರಿಕೆ ಆಗ್ತದೆ ಮಾರಾಯ. ಇನ್ನು ಸ್ವಲ್ಪ ಸಮಯ ಇರ್ಬೇಕು ಅಂತ ಉಂಟು. ಹಾಕಿ ಬಾ."

ಅವಳು ಹೆದರಿಕೆ ಎಂಬ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಟ್ಟದ ಕತ್ತಲಲ್ಲಿ ನನ್ನನ್ನು ಹೆದರಿಸಿದವಳು, ಹೊಳೆಯಿಂದ ನನ್ನನ್ನು ಎತ್ತಿದವಳು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಅವಳು ಕೇಳಿದ ಹುಲ್ಲುಕಡ್ಡಿ ನನ್ನ ಕಪಾಟಿನಲ್ಲಿತ್ತು. ಆಗಲಿ ಎಂದೆ.

ಗಂಟು ಕಟ್ಟುವ ಕೆಲಸ ಅವಳದೇ. ಹಳೆಯ ವಾಯಿಲ್ ಸೀರೆಯನ್ನು ಹರಿದು, ಒಂದೊಂದು ಕಲ್ಲಿಗೂ ಅರಸಿನ ಹಚ್ಚಿ, ಬಾತುಹೋದ ಬೆರಳುಗಳಿಂದ ಕಟ್ಟಿದಳು. ಖತೀಜಮ್ಮ ಬಂದು ಪಕ್ಕದಲ್ಲಿ ಕೂತಿದ್ದಳು. ನನಗೆ ನೋಡಲಾಗಲಿಲ್ಲ, ಅಂಗಳಕ್ಕೆ ಹೋಗಿ ಸಂಪಿಗೆ ಮರದ ಬುಡದಲ್ಲಿ ಕೂತೆ. ಅಷ್ಟು ವರ್ಷದ ಶುಕ್ರವಾರಗಳು ಒಳಗೆ ಗಂಟಾಗುತ್ತಿದ್ದವು. ನನ್ನ ಮೇಲೆ ನನಗೇ ನಾಚಿಕೆಯೂ ಆಯಿತು. ಅಕ್ಕ ಸಾವಿನ ಹತ್ತಿರ ಇರುವಾಗ ಕಲ್ಲಿಗಾಗಿ ಹೊಟ್ಟೆ ಉರಿಯುತ್ತಿತ್ತಲ್ಲ.

ಮರುದಿನ ಬೆಳಿಗ್ಗೆ ಶಿರಿಯದಲ್ಲಿ ಒಬ್ಬರು ಮೀನಿನ ದೋಣಿಯಲ್ಲಿ ನಮ್ಮನ್ನು ಅಳಿವೆಯ ಮಧ್ಯಕ್ಕೆ ಕರೆದುಕೊಂಡು ಹೋದರು. ನಾನು ದೋಣಿಯ ಎರಡೂ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ. ಆದ್ದರಿಂದ ಗಂಟುಗಳನ್ನು ಹಾಕುವ ಕೆಲಸ ಶಂಕರಣ್ಣನ ಪಾಲಿಗೆ ಬಂತು. ಅವನು ಪಂಚೆ ಎತ್ತಿ ಕಟ್ಟಿ, ಏನೋ ಮಂತ್ರ ಹೇಳುತ್ತ, ಎಲ್ಲಕ್ಕಿಂತ ಭಾರದ ಗಂಟನ್ನು ಮೊದಲು ಎತ್ತಿದ. ಆಕಾರದಿಂದಲೇ ನನಗೆ ಗೊತ್ತಾಯಿತು. ಶಂಕರಣ್ಣನೇ ಶಂಕರಣ್ಣನನ್ನು ಹೊಳೆಗೆ ಹಾಕುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.

"ಎಂತಕ್ಕೆ ನೆಗಾಡುದು? ಇದು ತಮಾಷೆಯಾ ನಿನಗೆ?" ಎಂದು ಅವನು ಗದರಿದ.

ತಮಾಷೆಯಾಗಿರಲಿಲ್ಲ. ನಗು ಎಲ್ಲಿ ಮುಗಿದು ಅಳು ಎಲ್ಲಿ ಹಿಡಿಯಿತೋ ನನಗೆ ತಿಳಿಯಲಿಲ್ಲ. ಚಿಕ್ಕಮ್ಮ ಹೋದಳು, ಖತೀಜಮ್ಮ ಹೋದಳು. ಮಣ್ಣಿನ ಗಣಪತಿಯನ್ನು ನೀರಿಗೆ ಬಿಟ್ಟರೆ ಕರಗುತ್ತದೆ, ಬಿಟ್ಟವನಿಗೂ ಸಮಾಧಾನ. ಇವು ಕರಗುವ ಜಾತಿಯಲ್ಲ. ಸೀರೆಯ ಚೂರು ಕೊಳೆತು ಹೋದ ಮೇಲೂ, ನಾವೆಲ್ಲ ಬೂದಿಯಾದ ಮೇಲೂ ಅಲ್ಲಿ ಕೆಸರಿನಲ್ಲಿ ಹೀಗೆಯೇ ಬಿದ್ದಿರುತ್ತವೆ. ದೋಣಿಯವರು ನಮ್ಮಿಬ್ಬರ ಮುಖ ನೋಡಿ ದೋಣಿಯನ್ನು ದಡಕ್ಕೆ ತಿರುಗಿಸಿದರು.

ಮನೆಗೆ ಬಂದಾಗ ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು.

"ಎಲ್ಲ ಹಾಕಿ ಆಯ್ತಾ?"

"ಎಲ್ಲ" ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಬಟ್ಟೆ ಒದ್ದೆ ಉಂಟು, ಬದಲ್ಸು. ಗಂಜಿ ಕುಡಿ" ಎಂದು ಒಳಗೆ ಹೋದಳು.

ಆ ಮೇಲೆ ಅವಳು ನಿಜವಾಗಿ ಎದ್ದು ಓಡಾಡಿದಳು. ಖತೀಜಮ್ಮನ ಮನೆಯವರೆಗೆ ನಡೆದು ಹೋಗಿ ಬಂದಳು, ಮಾವಿನಮಿಡಿ ಉಪ್ಪಿಗೆ ಹಾಕುವಲ್ಲಿ ಕೂತು ಎಲ್ಲರಿಗೂ ಬುದ್ಧಿ ಹೇಳಿದಳು. ಶಂಕರಣ್ಣ ಸಿಕ್ಕಿದವರಿಗೆಲ್ಲ ಪ್ರಶ್ನೆಯ ಮಹಿಮೆ ಹೇಳಿದ. ನಾನೂ ಖಾಲಿ ಕಪಾಟಿನ ಕಡೆ ನೋಡದೆ ತಿರುಗಾಡಲು ಕಲಿತೆ. ಮಳೆ ಹಿಡಿದ ಮೇಲೆ ಅವಳಿಗೆ ಜ್ವರ ಬಂತು. ಮಂಗಳೂರಿನ ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ಕೊನೆಯಲ್ಲಿ ಅವಳ ಅಂಗೈ ಉರಿಯುತ್ತಿತ್ತು. ಹಿಡಿದುಕೊಳ್ಳಲು ಕೊಡೋಣವೆಂದರೆ ನನ್ನ ಹತ್ತಿರ ಒಂದು ಕಲ್ಲೂ ಇಲ್ಲವಲ್ಲ ಎಂದು ಸಂಕಟಪಟ್ಟೆ. ನನ್ನ ಕೈಯನ್ನೇ ಕೊಟ್ಟೆ, ಅದು ಅಷ್ಟು ತಣ್ಣಗಿರಲಿಲ್ಲ.

ಉತ್ತರಕ್ರಿಯೆಗೆ ಅಡುಗೆಯವರು ಸಾಮಾನನ್ನೆಲ್ಲ ತಾವೇ ತಂದಿದ್ದರು, ಅಕ್ಕನ ಡಬ್ಬಿಗೆ ಯಾರೂ ಕೈ ಹಾಕಿರಲಿಲ್ಲ. ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಹಸಿವಾಯಿತು. ಹಸಿವಾದದ್ದಕ್ಕೆ ಬೇಸರವೂ ಆಯಿತು. ಜೀವಮಾನದಲ್ಲಿ ಮೊದಲ ಸಲ ನಾನು ಆ ಡಬ್ಬಿಯ ಮುಚ್ಚಳ ತೆಗೆದು ಕುಚ್ಚಲಕ್ಕಿಗೆ ಕೈ ಹಾಕಿದೆ. ಬೆರಳಿಗೆ ತಣ್ಣಗೆ ಏನೋ ತಾಗಿತು. ಹೊರಗೆ ತೆಗೆದರೆ ಸೀಳು ಬಿಟ್ಟ ಆ ನೀಲಿ ಕಲ್ಲು.

ಮೊದಲು ನನಗೆ ಬಂದದ್ದು ಸಿಟ್ಟು. ಒಂದೂ ಉಳಿಯಬಾರದು ಎಂದಿದ್ದರಲ್ಲ. ನಂಬಿದವಳು ಅವಳಲ್ಲವೇ? ಅಂಗೈ ತಂಪಿಗಾಗಿ ಇಷ್ಟು ದೊಡ್ಡ ಕೆಲಸವನ್ನು ಅರ್ಧಕ್ಕೆ ಬಿಟ್ಟಳೇ? ಆಮೇಲೆ ನಾನೇ ಬೆಚ್ಚಿದೆ. ನಾನು ಇದನ್ನೆಲ್ಲ ಯಾವಾಗಿನಿಂದ ನಂಬತೊಡಗಿದೆ? ಕಲ್ಲನ್ನು ಕಿಸೆಗೆ ಹಾಕಿಕೊಂಡು ಖತೀಜಮ್ಮನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಹುಣಸೆ ಬಿಡಿಸುತ್ತಿದ್ದಳು. ನಾನು ಕಿಸೆಯಿಂದ ತೆಗೆದ ಕಲ್ಲನ್ನು ನೋಡಿ ಕೈ ನಿಲ್ಲಿಸಿದಳು.

"ಸಿಕ್ಕಿತಾ ನಿಮಗೆ?" ಎಂದಳು.

"ನಿಮಗೆ ಗೊತ್ತಿತ್ತಾ? ತಂಪಿಗೆ ಅಂತ ಇಟ್ಟುಕೊಂಡಳಾ?"

"ತಂಪಿಗೆ ಎಂತ ತಂಪು. ಆ ಗಂಟು ಕಟ್ಟಿದ ಮೇಲೆ ಅವರು ಅದನ್ನು ಒಮ್ಮೆಯೂ ಹೊರಗೆ ತೆಗೆದದ್ದಿಲ್ಲ. ನೀವು ಕಾಣ್ತೀರಿ ಅಂತ ಹೆದರಿಕೆ." ಖತೀಜಮ್ಮ ತಲೆಯ ಮೇಲಿನ ಬಟ್ಟೆಯ ತುದಿಯಿಂದ ಮುಖ ಒರೆಸಿಕೊಂಡಳು. "ಅದು ನೀವು, ರಾಯರೇ."

"ನಾನಾ?"

"ಹೆಸರು ಯಾವಾಗ್ಲೋ ಇಟ್ಟಾಗಿತ್ತು. ನಿಮ್ಮತ್ರ ಹೇಳ್ಲಿಕ್ಕೆ ಮನಸ್ಸಿರ್ಲಿಲ್ಲ ಅವರಿಗೆ. ಹೊರಗೆ ನೋಡಿದ್ರೆ ಏನೂ ಆಗದವನ ಹಾಗೆ, ಒಳಗೆ ಒಡೆದದ್ದು ಅವನಿಗೇ ಗೊತ್ತಿಲ್ಲ, ಅಂತ ಹೇಳ್ತಿದ್ರು. ಗಂಟು ಕಟ್ಟುವಾಗ ಇದನ್ನು ಬದಿಗೆ ಇಟ್ರು. ನಾನು ಹೇಳಿದೆ, ವಾರಿಜಕ್ಕ, ಒಂದೂ ಉಳಿಸ್ಬಾರ್ದು ಅಂತ ಹೇಳಿದ್ದಾರೆ, ನಿಮ್ಮ ಜೀವದ ಪ್ರಶ್ನೆ. ಅದಕ್ಕೆ ಅವರು, 'ನನಗೆ ಗೊತ್ತುಂಟು ಖತೀಜ, ಆದ್ರೆ ನನ್ನ ಕೈಯಿಂದ ಆಗುದಿಲ್ಲ' ಅಂದ್ರು."

ನಾನು ಅಲ್ಲೇ ಜಗಲಿಯ ಮೇಲೆ ಕೂತೆ. ನನಗೆ ನಂಬಿಕೆ ಇರಲಿಲ್ಲ, ನಾನು ಎಲ್ಲವನ್ನೂ ಕೊಟ್ಟೆ. ಅವಳಿಗೆ ನಂಬಿಕೆ ಇತ್ತು. ಬದುಕುವ ಆಸೆಯೂ ಇತ್ತು. ಇದೊಂದು ಉಳಿದರೆ ತಾನು ಉಳಿಯುವುದಿಲ್ಲ ಎಂದು ಪೂರಾ ನಂಬಿಕೊಂಡೇ ಇದನ್ನು ಅಕ್ಕಿಯಲ್ಲಿ ಮುಚ್ಚಿಟ್ಟಳು. ಆಮೇಲೆ ಪ್ರತಿ ದಿನ ಬೆಳಿಗ್ಗೆ ಅದೇ ಅಕ್ಕಿಯನ್ನು ಅಳೆದು ನನಗೆ ಗಂಜಿ ಮಾಡಿಸಿದಳು.

"ನಿಮ್ಮನ್ನು ಮಾತ್ರ ಹಾಕಿಬಿಟ್ಟಳು" ಎಂದೆ ಕೊನೆಗೆ, ಏನಾದರೂ ಹೇಳಬೇಕಲ್ಲ ಎಂದು.

ಖತೀಜಮ್ಮ ಅಳುತ್ತಲೇ ನಕ್ಕಳು. "ನಾನೂ ಅದನ್ನೇ ಕೇಳಿದೆ ರಾಯರೇ. ಅಲ್ಲ ವಾರಿಜಕ್ಕ, ನನ್ನನ್ನು ಕಟ್ಟಿ ಹೊಳೆಗೆ ಹಾಕ್ಲಿಕ್ಕೆ ನಿಮಗೆ ಎಂತ ಬೇಜಾರೂ ಇಲ್ವಾ ಅಂತ. ಅದಕ್ಕೆ ಅವರು ಎಂತ ಹೇಳಿದ್ರು ಗೊತ್ತುಂಟಾ? 'ನಿನಗೆ ಈಜ್ಲಿಕ್ಕೆ ಬರ್ತದೆ ಮಾರಾಯ್ತಿ. ವಾಸುಗೆ ಬರುದಿಲ್ಲ' ಅಂದ್ರು."